ಚಕ್ಕುಬಂದಿಯಲ್ಲಿ ಸಿಕ್ಕ ಸವಾರ: ನನ್ನ ಅನುಭವ

ನಮ್ಮ ಮುತ್ತಜ್ಜ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು, ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಬಂದು ಮತ್ತೆ ನೇಗಿಲು ಹಿಡಿದರು ಎಂಬ ಮನೆಯ ಮಾತನ್ನು ಕಾಗದಪತ್ರಗಳಿಂದ ಸಾಬೀತುಪಡಿಸಲು ನನಗೆ ಹೆಚ್ಚುಕಡಿಮೆ ಆರು ವರ್ಷ ಹಿಡಿಯಿತು. ಸೈನಿಕನನ್ನು ಸೇನೆಯ ದಾಖಲೆಗಳಲ್ಲಿ ಹುಡುಕಬೇಕೇ ಹೊರತು ಊರಿನ ಹೊಲಗದ್ದೆಗಳ ಪತ್ರಗಳಲ್ಲಿ ಏನು ಸಿಕ್ಕೀತು ಎಂದು ವಂಶವೃಕ್ಷದ ಕೆಲಸದಲ್ಲಿ ಪಳಗಿದ ಹಿರಿಯರೇ ನನಗೆ ಬುದ್ಧಿ ಹೇಳಿದ್ದರು. ಕೊನೆಗೆ ಅವರು ಸಿಕ್ಕಿದ್ದು ಹೊಲದ ಪತ್ರದಲ್ಲಿಯೇ. ಅದೂ ನಮ್ಮ ಹೊಲದ ಪತ್ರದಲ್ಲಿ ಅಲ್ಲ, ಪಕ್ಕದವರ ಹೊಲದ ಪತ್ರದ ಚಕ್ಕುಬಂದಿಯಲ್ಲಿ, ಎಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ. ಹಾಗಾಗಿ ಆ ದಾರಿಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೆಲಸ ಶುರುವಾದಾಗ ಕೈಯಲ್ಲಿದ್ದದ್ದು ಎರಡು ಪದಕಗಳು ಮತ್ತು ಕೋಲಾರ ಜಿಲ್ಲೆಯ ನಮ್ಮ ಊರಿನಲ್ಲಿ ಇಂದಿಗೂ ಉಳಿದಿರುವ ‘ಸವಾರರ ಮನೆ’ ಎಂಬ ಹೆಸರು ಮಾತ್ರ. ಮೂರನೆಯದಾದ ಬೆಳ್ಳಿಯ ಪದಕ ಯಾವುದೋ ಬರಗಾಲದ ವರ್ಷದಲ್ಲಿ ಕರಗಿ ಕಾಲ್ಗಡಗವಾಯಿತಂತೆ. ಉಳಿದವು ಕಂಚಿನ ವಿಕ್ಟರಿ ಪದಕ ಮತ್ತು 1914-15ರ ಸ್ಟಾರ್. ಪದಕದ ಅಂಚಿನಲ್ಲಿ ಕೆತ್ತಿದ ಹೆಸರೇ ಮೊದಲ ದಾಖಲೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿಷಯ. ಆದರೆ ನಮ್ಮ ಮನೆಯಲ್ಲಿ ಎರಡು ತಲೆಮಾರಿನ ಹೆಂಗಸರು ಪ್ರತಿ ಹಬ್ಬಕ್ಕೂ ಹುಣಸೆಹಣ್ಣು ಮತ್ತು ಬೂದಿಯಿಂದ ಅದನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಇಟ್ಟಿದ್ದರಿಂದ ಅಂಚಿನ ಅಕ್ಷರಗಳು ಸವೆದುಹೋಗಿದ್ದವು. ಸ್ಟಾರ್‌ನ ಹಿಂಬದಿಯನ್ನು ಕತ್ತಲೆ ಕೋಣೆಯಲ್ಲಿಟ್ಟು, ಮೊಬೈಲಿನ ಟಾರ್ಚನ್ನು ಲೋಹದ ಮಟ್ಟಕ್ಕೇ ಹಿಡಿದು, ಬೆಳಕು ಅಡ್ಡಲಾಗಿ ಬೀಳುವಂತೆ ಮಾಡಿದಾಗ ‘ಮೈಸೂರು ಐ.ಎಸ್. ಲ್ಯಾನ್ಸರ್ಸ್’ (ಐ.ಎಸ್. ಎಂದರೆ ಇಂಪೀರಿಯಲ್ ಸರ್ವಿಸ್) ಎಂಬ ಇಂಗ್ಲಿಷ್ ಅಕ್ಷರಗಳೂ ಹೆಸರಿನ ಕೊನೆಯಲ್ಲಿ ‘ರಾವ್’ ಎಂಬುದೂ ಕಾಣಿಸಿದವು. ಅಲ್ಲಿಯೇ ತೊಡಕು ಹುಟ್ಟಿತು. ನಮ್ಮ ಪಹಣಿಗಳಲ್ಲಿ, ಮನೆಯ ಬಾಯಿಮಾತಿನಲ್ಲಿ, ಮುತ್ತಜ್ಜನ ಹೆಸರು ‘ಅಪ್ಪ’ ಎಂದು ಮುಗಿಯುತ್ತದೆ. ‘ರಾವ್’ ಎನ್ನುವವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಆ ಪದಕ ಬೇರೆ ಯಾರದ್ದೋ ಇರಬೇಕು, ಗಿರವಿಗೆ ಬಂದು ಉಳಿದದ್ದಿರಬೇಕು ಎಂದು ನಮ್ಮ ನೆಂಟರಲ್ಲಿಯೇ ಕೆಲವರು ಹೇಳಿದಾಗ ನನಗೆ ಆದ ನೋವು ಸಣ್ಣದಲ್ಲ.

ಮೊದಲ ಎರಡು ವರ್ಷ ನಾನು ಸೇನೆಯ ಕಡೆಯಿಂದಲೇ ಹುಡುಕಿದೆ, ಮತ್ತು ಆ ಕಾಲವೆಲ್ಲ ವ್ಯರ್ಥವಾಯಿತು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿರುವುದು ಮಡಿದವರ ಹೆಸರು. ಬದುಕಿ ಬಂದವರನ್ನು ಅಲ್ಲಿ ಹುಡುಕಿ ಫಲವಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕದ ಮುಂದೆ ನಿಂತು ಒಂದೊಂದೇ ಹೆಸರನ್ನು ಓದಿದಾಗಲೂ ಅದೇ ಕಾರಣಕ್ಕೆ ಬರಿಗೈಯಲ್ಲಿ ಹಿಂದಿರುಗಬೇಕಾಯಿತು, ಆದರೆ ಆ ಭೇಟಿ ವ್ಯರ್ಥವಾಯಿತೆಂದು ನನಗೆ ಅನ್ನಿಸಲಿಲ್ಲ. ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದ ಪದಕ ಕಾರ್ಡುಗಳಲ್ಲಿ ನಮ್ಮವರು ಸಿಗಲಿಲ್ಲ. ಅಲ್ಲಿರುವ ಯುದ್ಧ ದಿನಚರಿಗಳನ್ನು ನೋಡಿಸಲು ಒಬ್ಬರಿಗೆ ಸುಮಾರು 11 ಸಾವಿರ ರೂಪಾಯಿ ಕಳುಹಿಸಿದೆ. ದಿನಚರಿಯಲ್ಲಿ ರೆಜಿಮೆಂಟಿನ ನಡೆ, ಕುದುರೆಗಳ ಎಣಿಕೆ, ಅಧಿಕಾರಿಗಳ ಹೆಸರು ಸಿಕ್ಕವೇ ಹೊರತು ಸಾಮಾನ್ಯ ಸವಾರರ ಹೆಸರು ಸಿಗಲಿಲ್ಲ. ಪಂಜಾಬಿನ ಸುಮಾರು 3 ಲಕ್ಷ 20 ಸಾವಿರ ಸೈನಿಕರ ವಿವರಗಳಿರುವ ರಿಜಿಸ್ಟರುಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದು, ಊರೂರಿನ ಪ್ರಕಾರ ಅವನ್ನು ಹುಡುಕಬಹುದೆಂದು ತಿಳಿದಾಗ, ನಮ್ಮ ಕಡೆಯವರಿಗೂ ಅಂಥದ್ದೊಂದು ಇದ್ದಿದ್ದರೆ ಎಂದು ಬಹಳ ಹೊತ್ತು ಯೋಚಿಸಿದ್ದೇನೆ. ಇಂಪೀರಿಯಲ್ ಸರ್ವಿಸ್ ಪಡೆಗಳನ್ನು ಸಾಕಿ, ಸಂಬಳ ಕೊಟ್ಟು, ಕಳುಹಿಸಿದ್ದು ಮೈಸೂರು ಸಂಸ್ಥಾನ. ಆದ್ದರಿಂದ ಉತ್ತರ ಸಂಸ್ಥಾನದ ನೆಲದಲ್ಲಿಯೇ ಇರಬೇಕೆಂದು ನಿಶ್ಚಯಿಸಿ ಊರಿಗೆ ಮರಳಿದೆ.

ಪಹಣಿಯಿಂದ ಹಿಂದಕ್ಕೆ ಹೋಗಿ ಎಂ.ಆರ್. (ಹಕ್ಕು ಬದಲಾವಣೆಯ ರಿಜಿಸ್ಟರು), ಆರ್.ಆರ್. (ಹಕ್ಕು ದಾಖಲೆ), ಐ.ಎಲ್. (ಜಮೀನುಗಳ ಸೂಚಿ) ತೆಗೆಸುವ ಕ್ರಮ ಗೊತ್ತಿರುವುದೇ. ನಮ್ಮ ಸರ್ವೆ ನಂಬರಿನಲ್ಲಿ ಅದು 1930ರ ದಶಕದವರೆಗೆ ನನ್ನನ್ನು ಕೊಂಡೊಯ್ದು ನಿಂತಿತು, ಮತ್ತು ಅಲ್ಲಿ ಇದ್ದದ್ದು ‘ಅಪ್ಪ’ ಎಂಬ ಹೆಸರೇ. ಅದಕ್ಕಿಂತ ಹಿಂದಿನದನ್ನು ತೆಗೆಸಿಕೊಡುವುದಾಗಿ ಹೇಳಿದ ಮಧ್ಯವರ್ತಿಯೊಬ್ಬರು ಎರಡು ಕಂತುಗಳಲ್ಲಿ ಸುಮಾರು 9 ಸಾವಿರ ರೂಪಾಯಿ ಪಡೆದು, ಕೊನೆಗೆ ನಾನೇ ತೆಗೆಸಿದ್ದ ಎಂ.ಆರ್. ನಕಲನ್ನೇ ಮತ್ತೊಮ್ಮೆ ತಂದುಕೊಟ್ಟರು. ಅಲ್ಲಿಂದ ಮುಂದೆ ನಾನು ಯಾರ ಕೈಗೂ ಹಣ ಕೊಡದೆ, ಉಪನೋಂದಣಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಒಂದನೇ ಪುಸ್ತಕದ ಸಂಪುಟಗಳನ್ನು ಖುದ್ದಾಗಿ ನೋಡತೊಡಗಿದೆ. ಸ್ಥಿರಾಸ್ತಿಯ ಪತ್ರಗಳಿರುವ ಆ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದೆಂದು 1908ರ ನೋಂದಣಿ ಕಾಯಿದೆಯ 57ನೇ ಕಲಮು ಹೇಳುತ್ತದೆ. ಅದರ ಪ್ರತಿಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುವುದು ಒಳ್ಳೆಯದು.

ಮೊದಲನೇ ಸೂಚಿ ಹೆಸರುಗಳದ್ದು, ಎರಡನೇ ಸೂಚಿ ಆಸ್ತಿಗಳದ್ದು. ಎಲ್ಲರಂತೆ ನಾನೂ ಹೆಸರಿನ ಸೂಚಿಯಲ್ಲಿ ಎರಡು ತಿಂಗಳು ಕಳೆದೆ. ‘ಅಪ್ಪ’ ಎಂದು ಹುಡುಕಿದರೂ ‘ರಾವ್’ ಎಂದು ಹುಡುಕಿದರೂ 1925ಕ್ಕಿಂತ ಹಿಂದೆ ನಮ್ಮವರು ಬರಲೇ ಇಲ್ಲ. ಆಗ ನನಗೆ ಹೊಳೆದದ್ದು ಇಷ್ಟು: ಒಬ್ಬ ರೈತ ತನ್ನ ಜಮೀನನ್ನು ಮಾರದೆ, ಅಡವಿಡದೆ ಇದ್ದರೆ ಅವನ ಹೆಸರಿನಲ್ಲಿ ಪತ್ರವೇ ಹುಟ್ಟುವುದಿಲ್ಲ, ಆದರೆ ಅವನ ಸುತ್ತಲಿನ ನಾಲ್ಕು ಜನರು ಪತ್ರ ಮಾಡಿಸಿದಾಗಲೆಲ್ಲ ಚಕ್ಕುಬಂದಿಯಲ್ಲಿ ಅವನ ಹೆಸರು ಬಂದೇ ಬರುತ್ತದೆ. ಹಾಗಾಗಿ ನಮ್ಮ ನಂಬರನ್ನು ಬಿಟ್ಟು, ಅದರ ನಾಲ್ಕೂ ದಿಕ್ಕಿನ ನಂಬರುಗಳನ್ನು ಗ್ರಾಮ ನಕ್ಷೆಯಿಂದ ಗುರುತು ಹಾಕಿಕೊಂಡು, ಎರಡನೇ ಸೂಚಿಯಲ್ಲಿ ನಮ್ಮ ಗ್ರಾಮದ ನಮೂದುಗಳನ್ನು ಮಾತ್ರ ವರ್ಷವರ್ಷವಾಗಿ ನೋಡುತ್ತಾ ಹೋದೆ. ದಿನಕ್ಕೆ ಎರಡು ವರ್ಷದ ಲೆಕ್ಕದಲ್ಲಿ, ಬೇಸಾಯದ ಬಿಡುವಿನಲ್ಲಿ, 20 ದಿನವೋ 25 ದಿನವೋ ಹಿಡಿಯಿತು.

ಪಡುವಲ ಕಡೆಯ ಹೊಲದವರು 1912ರಲ್ಲಿ ಮಾಡಿಸಿದ ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ರಿಸಾಲೆ ಸವಾರನ ಖುಷ್ಕಿ’, ಎಂದರೆ ಕುದುರೆ ಪಡೆಯ ಸವಾರನ ಮಳೆಯಾಶ್ರಿತ ಹೊಲ, ಎಂದಿತ್ತು. ಹೆಸರಿರಲಿಲ್ಲ, ಆದರೆ ಕಸುಬು ಇತ್ತು, ಮತ್ತು ಆ ಪೂರ್ವದ ಹೊಲ ನಮ್ಮದೇ. ಆ ಸಾಲನ್ನು ಓದಿದಾಗ ನನ್ನ ಕೈ ನಡುಗಿದ್ದು ನೆನಪಿದೆ. ಅಲ್ಲಿಂದ ಮುಂದಕ್ಕೆ ಬಂದಾಗ, ಮುತ್ತಜ್ಜನ ಅಣ್ಣನ ಹೆಸರಿನಲ್ಲಿ ರಾಕ್ಷಸ ಸಂವತ್ಸರದ, ಎಂದರೆ 1915ರ, ಭೋಗ್ಯದ ಪತ್ರ ಸಿಕ್ಕಿತು. ಅಣ್ಣನನ್ನು ನಾನು ಅಲ್ಲಿಯವರೆಗೆ ಹುಡುಕಿಯೇ ಇರಲಿಲ್ಲ, ಏಕೆಂದರೆ ಅವರಿಗೆ ಸಂತಾನವಿಲ್ಲದ್ದರಿಂದ ನಮ್ಮ ವಂಶವೃಕ್ಷದಲ್ಲಿ ಅವರ ಕೊಂಬೆಯೇ ಬಿಟ್ಟುಹೋಗಿತ್ತು. ಪತ್ರದಲ್ಲಿ ಕಿರಿಯ ತಮ್ಮನು ಲಡಾಯಿಯ ನಿಮಿತ್ತ ಸೀಮೆಯ ಹೊರಗಿರುವುದರಿಂದ ಆತನ ಪಾಲಿಗೂ ತಾನೇ ಜವಾಬ್ದಾರಿ ಎಂದು ಅಣ್ಣ ಬರೆಸಿದ್ದಾರೆ, ಮತ್ತು ತಮ್ಮನ ಹೆಸರನ್ನು ‘ಅಪ್ಪ ಉರುಫ್ ರಾವ್’ ಎಂದು ಎರಡೂ ರೂಪದಲ್ಲಿ ಕೊಟ್ಟಿದ್ದಾರೆ. ‘ಉರುಫ್’ ಎಂಬ ಆ ಮೂರು ಅಕ್ಷರಗಳಿಗಾಗಿ ನಾನು ನಾಲ್ಕು ವರ್ಷ ಅಲೆದಿದ್ದೆ. ಪದಕ ನಮ್ಮದೇ. 1915ರ ಕೊನೆಯೊಳಗೆ ಯುದ್ಧಭೂಮಿಯಲ್ಲಿ ಇದ್ದವರಿಗಷ್ಟೇ ಆ ಸ್ಟಾರ್ ಸಿಗುತ್ತಿತ್ತು ಎಂಬುದಕ್ಕೂ ಪತ್ರದ ತಾರೀಖು ಸರಿಯಾಗಿ ಕೂಡಿಬರುತ್ತದೆ.

ಸಂಪುಟದ ಶಾಯಿ ಕೆಲವು ಕಡೆ ಕಂದುಬಣ್ಣಕ್ಕೆ ತಿರುಗಿ ಮಾಸಿಹೋಗಿತ್ತು. ಅನುಮತಿ ಪಡೆದು ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಬಿಡಿಸಿ ನೋಡಿದರೆ ನೀಲಿಯ ಪದರದಲ್ಲಿ ಅಕ್ಷರಗಳು ಗಾಢವಾಗಿ ಎದ್ದು ಬರುತ್ತವೆ. ಇದನ್ನು ಮನೆಯ ಹಳೆಯ ಕಡತದ ಕಾಗದಗಳ ಮೇಲೆಯೂ ಪ್ರಯೋಗಿಸಿದೆ, ಹತ್ತರಲ್ಲಿ ಏಳಾದರೂ ಓದಲು ಬಂದವು. ಬಿಕ್ಕಲಂ (ಪತ್ರದ ಕೊನೆಯಲ್ಲಿ ಬರಹಗಾರ ಹಾಕುವ ರುಜು) ಬರೆದವರನ್ನು ಹಿಡಿದು ಪತ್ರಗಳನ್ನು ಹುಡುಕುವ ಇನ್ನೊಂದು ಕ್ರಮವೂ ನನ್ನ ಬಳಿ ಇದೆ. ಅಕ್ಕಪಕ್ಕದ ಎರಡು ಮನೆತನಗಳ ಕೆಲಸ ಕೈಯಲ್ಲಿರುವುದರಿಂದ ಅದು ಮುಗಿಯುವ ತನಕ ಅದನ್ನು ಬರೆಯುವುದಿಲ್ಲ.

ಸಂವತ್ಸರದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮುತ್ತಜ್ಜ ರೌದ್ರಿ ಸಂವತ್ಸರದಲ್ಲಿ ಊರಿಗೆ ಬಂದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದು 1920-21 ಎಂದು ಈಗ ಸುಲಭವಾಗಿ ಹೇಳುತ್ತೇನೆ. ಮೊದಲು ಪಂಚಾಂಗದಲ್ಲಿ ಒಂದು ಮನೆ ತಪ್ಪಿ ಎಣಿಸಿ 1921-22ರ ದುರ್ಮತಿಯ ಸಂಪುಟಗಳನ್ನೇ ಇಡೀ ತಿರುವಿಹಾಕಿದ್ದೆ. ಬಾಯಿಮಾತಿನ ಸಂವತ್ಸರವನ್ನು ನಂಬಿ, ಆದರೆ ಎರಡು ಬಾರಿ ಎಣಿಸಿ. ಭೋಗ್ಯ ಬಿಡಿಸಿಕೊಂಡ ಪತ್ರ ರೌದ್ರಿಯ ಕೊನೆಯಲ್ಲಿಯೇ ಸಿಕ್ಕಿತು. ಅದರಲ್ಲಿ ಮುತ್ತಜ್ಜನ ಸ್ವಂತ ರುಜು ಇದೆ, ಮತ್ತು ಕಸುಬು ‘ಬೇಸಾಯ’ ಎಂದಿದೆ.

ಈ ನಡುವೆ, ಮನೆತನಗಳ ವಂಶಾವಳಿಯನ್ನು ಹೇಳುತ್ತಾ ಊರೂರು ತಿರುಗುವ ಹೆಳವರನ್ನೂ ಕೇಳಿದೆ. ಸುಗ್ಗಿಯ ನಂತರ ಬಂದ ನಮ್ಮ ಕುಲದ ಹೆಳವರು ಮುತ್ತಜ್ಜನಿಗಿಂತ ಹಿಂದಿನ ಐದು ತಲೆಗಳನ್ನು ತಡೆಯಿಲ್ಲದೆ ಹೇಳಿದರು, ಸಂತಾನವಿಲ್ಲದ ಆ ಅಣ್ಣನ ಹೆಸರನ್ನೂ ಹೇಳಿದರು. ಅವರನ್ನು ಮೊದಲ ವರ್ಷವೇ ಕೇಳಿದ್ದರೆ ಎಷ್ಟೋ ದಿನ ಉಳಿಯುತ್ತಿತ್ತು. ಒಂದು ಮೂಟೆ ರಾಗಿ, ಒಂದು ಪಂಚೆ ಮತ್ತು 2 ಸಾವಿರ ರೂಪಾಯಿ ಕೊಟ್ಟೆ. ಈ ಕೆಲಸದಲ್ಲಿ ನಾನು ಮಾಡಿದ ಖರ್ಚುಗಳಲ್ಲೆಲ್ಲ ಅದೇ ಸಾರ್ಥಕವಾದದ್ದು.

ರೆಜಿಮೆಂಟು ಎಲ್ಲೆಲ್ಲಿ ಇತ್ತು ಎಂಬುದು ಎಲ್ಲರಿಗೂ ತಿಳಿದದ್ದೇ: ಸೂಯೆಜ್ ಕಾಲುವೆಯ ಕಾವಲು, ಸಿನಾಯ್, 1918ರ ಸೆಪ್ಟೆಂಬರ್ 23ರಂದು ಹೈಫಾ, ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್. ಹೈಫಾದ ದಿನ ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿನ ಫಿರಂಗಿಗಳನ್ನು ಹಿಡಿಯಿತು. ನಮ್ಮ ಮುತ್ತಜ್ಜ ಆ ಬೆಟ್ಟ ಹತ್ತಿದರೆಂದು ಮನೆಯ ಮಕ್ಕಳು ಹೇಳಿಕೊಳ್ಳಲು ಇಷ್ಟಪಡುತ್ತಾರೆ, ನನಗೂ ಇಷ್ಟವೇ; ಆದರೆ ಹಾಗೆಂದು ಹೇಳುವ ಕಾಗದ ಸಿಗುವ ತನಕ ವಂಶವೃಕ್ಷದಲ್ಲಿ ಅದನ್ನು ಬರೆಯಲು ನಾನು ಒಪ್ಪಿಲ್ಲ. ರೆಜಿಮೆಂಟಿನ ಹೆಸರು, ಹೋದ ಮತ್ತು ಬಂದ ವರ್ಷ, ಎರಡು ಪತ್ರಗಳ ನಂಬರು, ಇಷ್ಟನ್ನೇ ಬರೆಸಿದ್ದೇನೆ.

ಒಟ್ಟು ಖರ್ಚು 40 ಸಾವಿರದ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಮೂರು ವರ್ಷಗಳ ತಪ್ಪುದಾರಿಗೇ ಹೋಯಿತು. ಗೆದ್ದ ದಾರಿಗೆ ಹಿಡಿದದ್ದು ಶುಲ್ಕ, ಬಸ್ಸು, ಊಟ ಎಲ್ಲ ಸೇರಿ 8 ಸಾವಿರವನ್ನು ಮೀರಿಲ್ಲ. ಪದಕ ಬೇರೆಯವರದ್ದು ಎಂದಿದ್ದ ನೆಂಟರ ಮನೆಗೆ ನಾನೇ ಹೋಗಿ ಭೋಗ್ಯದ ಪತ್ರದ ದೃಢೀಕೃತ ನಕಲನ್ನು ಕೊಟ್ಟು ಬಂದೆ. ಅವರು ಅದನ್ನು ಓದಿ, ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಮುತ್ತಜ್ಜ ರಿಸಾಲೆಗೆ ಸೇರಿದ ವರ್ಷ ಇನ್ನೂ ತಿಳಿಯಬೇಕಾಗಿದೆ. ಬಡಗಲ ಕಡೆಯ ಹೊಲದವರ 1905ಕ್ಕಿಂತ ಹಿಂದಿನ ಪತ್ರಗಳು ಬಾಕಿ ಇವೆ. ರಾಗಿ ಬಿತ್ತನೆ ಮುಗಿದ ಮೇಲೆ ಆ ಸಂಪುಟಗಳನ್ನು ನೋಡಲು ಅರ್ಜಿ ಹಾಕುತ್ತೇನೆ.