‘ಟು ವೆಂಟ್’ ಬಿಡಿಸಿದ ಕಾರ್ಡುಗಳು: ಇನ್ಫಿನಿಟಿವ್ ಕಲಿಸಿದ ನನ್ನ ಅನುಭವ

ಬೆಂಗಳೂರಿನ ಲಗ್ಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಟ್ಯೂಷನ್ ಮಾಡುತ್ತೇನೆ, ಹೆಚ್ಚಿನವರು ಕನ್ನಡ ಮೀಡಿಯಂ. ಇನ್ಫಿನಿಟಿವ್ ಅಂದರೆ ‘ಟು ಗೋ’ ಥರದ, ಕಾಲಕ್ಕೆ ತಕ್ಕಂತೆ ಬದಲಾಗದ ಕ್ರಿಯಾರೂಪ. ಅದರಲ್ಲಿ ಆಗುವ ತಪ್ಪುಗಳು, ‘ಐ ವಾಂಟೆಡ್ ಟು ವೆಂಟ್’, ‘ಹಿ ಮೇಡ್ ಮಿ ಟು ಕ್ರೈ’, ‘ಐ ಕೇಮ್ ಫಾರ್ ಟು ಮೀಟ್ ಯು’ ಇವೆಲ್ಲ ನಿಮ್ಮ ಬ್ಯಾಚಿನಲ್ಲೂ ಇದ್ದೇ ಇರುತ್ತವೆ. ನನ್ನಲ್ಲಿ ಮೊದಲನೆಯದು ಈಗ ಹೆಚ್ಚುಕಡಿಮೆ ನಿಂತೇ ಹೋಗಿದೆ.

‘ಕಾರ್ಡ್ ಆಟ ಆಡ್ಸಿದ್ರೆ ಗ್ರಾಮರ್ ಬರುತ್ತೇನ್ರೀ? ಲಿಸ್ಟ್ ಬಾಯಿಪಾಠ ಮಾಡ್ಸಿ’ ಅಂದಿದ್ದರು ಜೊತೆಯ ಮೇಷ್ಟ್ರು. ‘ಟು’ ಹಿಡಿಯುವ ಕ್ರಿಯಾಪದಗಳ ಲಿಸ್ಟಿನ ಜೆರಾಕ್ಸಿಗೇ ಅದಕ್ಕೂ ಮೊದಲು ಎರಡು ಮೂರು ಸಾವಿರ ಸುರಿದಾಗಿತ್ತು. ವಾಂಟ್, ಹೋಪ್, ಡಿಸೈಡ್ ಅಂತ ಪಟಪಟ ಒಪ್ಪಿಸುತ್ತಿದ್ದ ಮಕ್ಕಳೇ ಟೆಸ್ಟಿನಲ್ಲಿ ‘ಡಿಸೈಡೆಡ್ ಟು ಬಾಟ್’ ಅಂತ ಬರೆಯೋರು. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ನೋಡಿದೆ. ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಉತ್ತರ ಕೊಟ್ಟವರು ಐದಾರು ಜನ.

ಆಮೇಲೆ ಅವೆನ್ಯೂ ರಸ್ತೆಗೆ ಹೋಗಿ ಬಣ್ಣದ ದಪ್ಪ ಶೀಟ್ ತಂದೆ. ವಾಂಟ್, ಡಿಸೈಡ್, ರೆಫ್ಯೂಸ್ ಹಳದಿ, ಮುಂದೆ ‘ಟು ಗೋ’ ಥರದ್ದು ಬರಬೇಕು. ಎಂಜಾಯ್, ಅವಾಯ್ಡ್, ಫಿನಿಶ್ ಹಸಿರು, ಮುಂದೆ ‘ಗೋಯಿಂಗ್’ ಥರದ್ದು. ಕ್ಯಾನ್, ಮಸ್ಟ್, ಲೆಟ್, ಮೇಕ್ ಕೆಂಪು, ‘ಟು’ ಇಲ್ಲದ ಬರೀ ‘ಗೋ’. ಕಾರ್ಡಿನ ಮುಂದೆ ‘ವಾಂಟ್’, ಹಿಂದೆ ‘ವಾಂಟೆಡ್’. ‘ಮಸ್ಟ್’ ಹಿಂಬದಿ ಖಾಲಿ. ಇಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ನಾನು ತಲೆ ಓಡಿಸಿದ್ದು ‘ಟು’ ವಿಷಯದಲ್ಲಿ. ಅದನ್ನು ಬಿಡಿಯಾಗಿ ಕೊಡದೆ, ‘ಟು ಗೋ’, ‘ಟು ಬೈ’ ಅಂತ ಒಂದೇ ಕಾಗದದ ಪಟ್ಟಿಯಲ್ಲಿ ಬರೆದು ಹಿಂಬದಿ ಖಾಲಿ ಬಿಟ್ಟೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪಟ್ಟಿ ತಿರುಗಿಸಿ, ‘ಸಾರ್, ವೆಂಟ್ ಎಲ್ಲಿ?’ ಅಂದಳು. ನಾನು ಬಾಯಿ ಬಿಡುವ ಮೊದಲೇ ಪಕ್ಕದವಳು, ‘ಅದು ತಿರ್ಗಲ್ಲ ಕಣೇ, ಹಳದಿ ತಿರ್ಗ್ಸು’ ಅಂದಳು. ನಿಯಮ ಹೇಳುವ ಕೆಲಸವೇ ಉಳಿಯಲಿಲ್ಲ!

ಮೊದಲ ಸೆಟ್ ಒಂದು ತಿಂಗಳಿಗೇ ಹರಿದುಹೋಯಿತು. ಎರಡನೆಯದಕ್ಕೆ ಲ್ಯಾಮಿನೇಷನ್ ಸೇರಿ ಒಂಬೈನೂರರ ಹತ್ತಿರ ಬಿತ್ತು. ಅಗಲದ ಸೆಲ್ಲೋಟೇಪ್ ಹಚ್ಚಿದರೂ ಸಾಕು, ಕಾಲು ಭಾಗದ ಖರ್ಚಿನಲ್ಲಿ ಮುಗಿಯುತ್ತದೆ. ಮೊದಲ ವಾರ ಯಾವ ಹತ್ತು ಕ್ರಿಯಾಪದ, ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ನಡುವೆ ‘ಸ್ಟಾಪ್’ ಕಾರ್ಡನ್ನು ಅರ್ಧ ಹಳದಿ, ಅರ್ಧ ಹಸಿರು ಮಾಡಿದೆ. ‘ಸ್ಟಾಪ್ಡ್ ಟು ಡ್ರಿಂಕ್ ಟೀ’ ಅಂದರೆ ಆಟೋ ನಿಲ್ಲಿಸಿ ಟೀ ಕುಡಿದ, ‘ಸ್ಟಾಪ್ಡ್ ಡ್ರಿಂಕಿಂಗ್ ಟೀ’ ಅಂದರೆ ಟೀ ಕುಡಿಯುವುದನ್ನೇ ಬಿಟ್ಟ. ಹುಡುಗರು ಆಟೋ ಓಡಿಸಿ ತೋರಿಸಿದರು, ಮತ್ತೆ ಮರೆಯಲಿಲ್ಲ. ‘ವಾಸ್ ಮೇಡ್ ಟು ಕ್ಲೀನ್’ ಅಷ್ಟು ಸಲೀಸಾಗಲಿಲ್ಲ. ಪ್ಯಾಸಿವ್ (ಕರ್ಮಣಿ) ಆದ ಕೂಡಲೇ ಕೆಂಪಿನ ‘ಮೇಕ್’ ಹಳದಿಗೆ ಬರಬೇಕಲ್ಲ! ಹಳದಿ ಚುಕ್ಕೆ ಅಂಟಿಸಿದೆ. ಹತ್ತನೇ ಕ್ಲಾಸಿನವರು ಹಿಡಿದರು, ಎಂಟನೆಯವರಿಗೆ ಸದ್ಯಕ್ಕೆ ಬೇಡ ಅಂತ ತೆಗೆದಿಟ್ಟೆ.

‘ಲುಕ್ ಫಾರ್ವರ್ಡ್ ಟು ಮೀಟ್’ ತಪ್ಪಿಗೂ ದಾರಿ ಸಿಕ್ಕಿತು. ‘ಟು’ ಸೇರಿಸಿಯೇ ಹಸಿರು ಕಾರ್ಡಿನಲ್ಲಿ ಬರೆದೆ, ಮಕ್ಕಳು ತಾವಾಗಿ ‘ಮೀಟಿಂಗ್’ ತಂದಿಟ್ಟರು. ಈಗ ‘ಯೂಸ್ಡ್ ಟು ಗೋ’, ‘ಆಮ್ ಯೂಸ್ಡ್ ಟು ಗೋಯಿಂಗ್’ ಜೋಡಿಗೆ ಕೈ ಹಾಕಿದ್ದೇನೆ. ಜೂನ್ ಬ್ಯಾಚಿಗೆ ಅದರ ಕಾರ್ಡೂ ತಯಾರಾಗುತ್ತದೆ.