ಕೈಯಾರೆ ಕಸಿ ಕಟ್ಟಿದ ಅಪ್ಪೆಮಿಡಿ

ಅಪ್ಪೆಮಿಡಿ ಎಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ. ಅದರ ಗಿಡ ಈಗ ನರ್ಸರಿಗಳಲ್ಲೇ ಸಿಗುತ್ತದೆ. ದುಡ್ಡು ಕೊಟ್ಟು ತಂದು ನೆಟ್ಟರೆ ನಾಲ್ಕೈದು ವರ್ಷಕ್ಕೆ ಮಿಡಿ ಕೊಯ್ಯಬಹುದು. ಹಾಗಿರುವಾಗ ಮಳೆಗಾಲವೆಲ್ಲ ಕೊಟ್ಟಿಗೆಯ ಮಾಡಿನಡಿ ಕೂತು ಕಸಿ ಕಟ್ಟುವುದು ಯಾಕೆ ಎಂದು ಮನೆಗೆ ಬಂದವರು ಕೇಳುತ್ತಾರೆ. ನನಗೆ ಬೇಕಾದ ಮರ ಯಾವ ನರ್ಸರಿಯಲ್ಲೂ ಇರಲಿಲ್ಲ. ಅದು ನಮ್ಮೂರಿನ ಹಳ್ಳದ ದಂಡೆಯಲ್ಲಿ ಮಾತ್ರ ಇತ್ತು.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕು, ಅಘನಾಶಿನಿಯ ಕಡೆಗೆ ಹರಿಯುವ ಹಳ್ಳದ ಪಕ್ಕದ ಊರು. ಅಘನಾಶಿನಿ, ಬೇಡ್ತಿ, ಶರಾವತಿ, ವರದಾ, ಹೀಗೆ ನಮ್ಮ ಸೀಮೆಯ ಹೊಳೆ-ಹಳ್ಳಗಳ ದಂಡೆಯಲ್ಲಿ ಅಪ್ಪೆ ತಾನಾಗಿಯೇ ಬೆಳೆದು ಬಂದದ್ದು. ಒಂದು ಮರದ ಮಿಡಿಗೆ ಜೀರಿಗೆ ವಾಸನೆ, ಇನ್ನೊಂದರದ್ದಕ್ಕೆ ಕರ್ಪೂರದ್ದು. ಒಂದರ ಮಿಡಿ ಉದ್ದ, ಮತ್ತೊಂದರದ್ದು ಗುಂಡು. ಉಪ್ಪಿನಲ್ಲಿ ಹಾಕಿಟ್ಟರೆ ಒಂದು ಮರದ್ದು ವರ್ಷಗಟ್ಟಲೆ ಗಟ್ಟಿ ಉಳಿಯುತ್ತದೆ, ಪಕ್ಕದ ಮರದ್ದು ಮುಂದಿನ ಮಳೆಗಾಲಕ್ಕೇ ಮೆತ್ತಗಾಗುತ್ತದೆ. ಉಪ್ಪಿನಕಾಯಿ ಹಾಕುವ ಹೆಂಗಸರಿಗೆ ಇದೆಲ್ಲ ಬಾಯಿಪಾಠ. ಮರ ಮಾತ್ರ ಬಹಳ ಎತ್ತರ, ಹತ್ತಿ ಕೊಯ್ಯುವವರು ಕಡಿಮೆಯಾದರು. ಕೊಂಬೆಯನ್ನೇ ಕಡಿದು ಕೆಡವಿ ಮಿಡಿ ಕೊಯ್ಯುವ ಕೆಟ್ಟ ಪದ್ಧತಿ ಬಂತು. ಕೆಲವು ಮರ ನಾಟಾಕ್ಕೆ (ಮರಮಟ್ಟಿಗೆ) ಹೋದವು, ಕೆಲವು ನೆರೆಗೆ ಬಿದ್ದವು. ಅಮ್ಮ ಪ್ರತಿವರ್ಷ ಭರಣಿ ತುಂಬುತ್ತಿದ್ದ ಜೀರಿಗೆ ಅಪ್ಪೆಯ ಅರ್ಧ ಮರ ಒಣಗಿದ್ದು ಕಂಡಾಗ, ಇದನ್ನು ಉಳಿಸುವುದಾದರೆ ಈಗಲೇ ಉಳಿಸಬೇಕು ಅನ್ನಿಸಿತು.

ಗೊರಟು ಹಾಕಿ ಸಸಿ ಮಾಡಿದರೆ ಸಾಲದು. ಮಾವಿನ ಹೂವಿಗೆ ಬೇರೆ ಮರದ ಪರಾಗವೂ ಬಂದು ಸೇರುತ್ತದೆ, ಗೊರಟಿನಿಂದೆದ್ದ ಗಿಡಕ್ಕೆ ತಾಯಿಮರದ ಗುಣವೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಅದೇ ಪರಿಮಳ ಬೇಕೆಂದರೆ ಅದೇ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. ನನಗೆ ಕಲಿಸಿದವರು ಸಾಗರದ ಕಡೆಯ ನಮ್ಮ ದೊಡ್ಡಪ್ಪ. ಪಕ್ಕದಲ್ಲಿ ಕೂರಿಸಿಕೊಂಡು ನುಗ್ಗೆಯ, ದಾಸವಾಳದ ಕಡ್ಡಿಗಳನ್ನು ಸವರಿಸಿ ಕೈ ಪಳಗಿಸಿದರು. “ತಮಾ, ಕೈ ನಡುಗಲಾಗ. ಒಂದೇ ಎಳೆತಕ್ಕೆ ಬೆಣೆ ಆಗವು” ಎಂಬುದು ಅವರ ಮಾತು; ಕೈ ನಡುಗಬಾರದು, ಒಂದೇ ಎಳೆತಕ್ಕೆ ಬೆಣೆ ಆಗಬೇಕು ಎಂದರ್ಥ. ಮಾವಿನ ಕಡ್ಡಿ ಕೈಗೆ ಕೊಟ್ಟದ್ದು ಆಮೇಲೆ.

ಕಡ್ಡಿ ಕೂರಿಸಲು ಬುಡಕ್ಕೊಂದು ಸಸಿ ಬೇಕು. ಅದಕ್ಕಾಗಿ ಕಾಟುಮಾವಿನ (ಕಾಡುಮಾವಿನ) ಗೊರಟನ್ನು ಹಣ್ಣು ತಿಂದ ಕೆಲವೇ ವಾರದೊಳಗೆ ಹಾಕಿಬಿಡಬೇಕು, ತಡವಾದರೆ ಮೊಳಕೆಯ ಶಕ್ತಿ ಹೋಗುತ್ತದೆ. ಆ ಸಸಿಯ ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದಾಗ ಕಸಿಗೆ ಸಿದ್ಧ. ತಾಯಿಮರದಲ್ಲಿ ಮೂರು-ನಾಲ್ಕು ತಿಂಗಳ ಹದವಾದ ಕುಡಿ ಆರಿಸಿ, ಕೊಯ್ಯುವ ವಾರ-ಹತ್ತು ದಿನ ಮೊದಲೇ ಎಲೆ ಕತ್ತರಿಸಿ ಎಲೆತೊಟ್ಟು ಮಾತ್ರ ಬಿಡಬೇಕು. ಆಗ ತುದಿಯ ಮೊಗ್ಗು ಉಬ್ಬುತ್ತದೆ. ಎತ್ತರದ ಮರದಲ್ಲಿ ಇದಕ್ಕಾಗಿ ಎರಡು ಸಲ ಹತ್ತಬೇಕು, ಅದೂ ಮಳೆಯಲ್ಲಿ, ಪಾಚಿ ಹಿಡಿದ ಕಾಂಡದ ಮೇಲೆ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮೂರಿನ ಕೊನೆಗೌಡರೊಬ್ಬರು ನನಗಾಗಿ ಹತ್ತಿದರು. ಕೊಯ್ದ ಕಡ್ಡಿಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿಟ್ಟು ತಂದರೆ ಬಾಡುವುದಿಲ್ಲ.

ಇನ್ನು ಕಟ್ಟುವ ಕೆಲಸ. ಬುಡದ ಸಸಿಯ ತಲೆ ಕತ್ತರಿಸಿ, ನಡುವೆ ಒಂದೂವರೆ ಅಂಗುಲ ಸೀಳಬೇಕು. ಕಡ್ಡಿಯ ಬುಡವನ್ನು ಎರಡೂ ಕಡೆ ಅಷ್ಟೇ ಉದ್ದಕ್ಕೆ ಸವರಿ ಬೆಣೆ ಮಾಡಬೇಕು. ಚಾಕು ಕ್ಷೌರದ ಕತ್ತಿಯಷ್ಟು ಹರಿತವಿರಬೇಕು. ಸವರಿದ ಮೈ ನುಣ್ಣಗಿದ್ದರೆ ಬೆಳಕಿಗೆ ಹಿಡಿದಾಗ ಹೊಳೆಯುತ್ತದೆ, ಏರುಪೇರಿದ್ದರೆ ನಡುವೆ ಗಾಳಿ ನಿಂತು ಕಪ್ಪಾಗುತ್ತದೆ. ತೊಗಟೆಯ ಒಳಗಿನ ತೆಳು ಹಸಿರು ಪದರವೇ ಮುಖ್ಯ. ಇದರ ಹಸಿರು ಅದರ ಹಸಿರಿಗೆ, ಎರಡು ಕಡೆ ಆಗದಿದ್ದರೆ ಒಂದು ಕಡೆಯಾದರೂ, ಸರಿಯಾಗಿ ತಾಗಬೇಕು. ಸೊನೆ ಕೈಗೆ ಸಿಡಿಯುತ್ತದೆ, ಚರ್ಮ ಉರಿಯುತ್ತದೆ. ಆದರೂ ಸೀಳಿನೊಳಗೆ ಬೆಣೆ ಕೂತ ಕ್ಷಣ ಬೆರಳಿಗೇ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಮೇಲಿಂದ ಐಸ್‌ಕ್ಯಾಂಡಿಯ ಉದ್ದ ಕವರ್ ತೊಡಿಸಿ ಕಟ್ಟಿ, ನೆರಳಿನಲ್ಲಿಡಬೇಕು. ಆಷಾಢ, ಶ್ರಾವಣದ ಥಂಡಿ ಗಾಳಿಯೇ ಇದಕ್ಕೆ ಒಳ್ಳೆಯದು. ಎರಡು-ಮೂರು ವಾರದಲ್ಲಿ ಕವರಿನೊಳಗೆ ತಾಮ್ರದ ಬಣ್ಣದ ಚಿಗುರು ಕಂಡರೆ ಕಸಿ ಹಿಡಿಯಿತು.

ಶುರುವಿನ ವರ್ಷ ಒಣಗಿದ್ದೇ ಹೆಚ್ಚು. ಹಿಡಿದ ಕೆಲವನ್ನು ದಿನವೂ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದೆ. ಕಸಿಯ ಕೆಳಗೆ ಬುಡದ ಸಸಿಯ ಚಿಗುರು ಬಂದರೆ ಆಗಿಂದಾಗ್ಗೆ ಚಿವುಟಬೇಕು, ಇಲ್ಲದಿದ್ದರೆ ಕಾಟುಮಾವೇ ಮೇಲಾಗಿ ಕಡ್ಡಿ ಸಾಯುತ್ತದೆ. ಹೀಗೆ ನೋಡುತ್ತ ನೋಡುತ್ತ ಆ ಗಿಡಗಳು ನನ್ನವಾದವು. ಅಡಿಕೆ ತೋಟ ಅಜ್ಜ, ಅಪ್ಪ ಮಾಡಿಟ್ಟದ್ದು. ಅದರ ಮೇಲೆ ನನಗೆ ಗೌರವವಿದೆ, ಅದರಿಂದಲೇ ಊಟ. ಈ ಗಿಡಗಳ ಮೇಲಿರುವುದು ಬೇರೆ ಬಗೆಯ ಪ್ರೀತಿ. ಅದು ನಾನು ಕಳೆದ ಹೊತ್ತಿನಿಂದ, ಉರಿದ ಬೆರಳಿನಿಂದ ಬಂದದ್ದೆಂದು ನನಗೆ ಖಚಿತವಾಗಿ ಗೊತ್ತು. ಆ ಮೊದಲ ವರ್ಷಗಳಲ್ಲಿ ಅವು ಒಂದು ಮಿಡಿಯನ್ನೂ ಕೊಟ್ಟಿರಲಿಲ್ಲ, ಪ್ರೀತಿ ಮಾತ್ರ ಆಗಲೇ ಬಂದಾಗಿತ್ತು.

ಮನೆ ಮೇಲಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಮೂವತ್ತು ಅಡಿ ಅಂತರದಲ್ಲಿ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟೆವು. ಬೇಲಿಗೆ ಖರ್ಚಾದ ದುಡ್ಡು ಆ ವರ್ಷದ ಅಡಿಕೆಯದ್ದು. ಮೊದಲೆರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತೆವು, ಬುಡಕ್ಕೆ ದಪ್ಪಗೆ ದರಕು (ಒಣ ಎಲೆ) ಮುಚ್ಚಿದೆವು. ಮೊದಲು ಬಂದ ಹೂವನ್ನು ಚಿವುಟಿ ತೆಗೆದೆ. ಗಿಡ ಗಟ್ಟಿಯಾಗಲು ಅದು ಬೇಕು, ಮನಸ್ಸಿಗೆ ಮಾತ್ರ ಕಷ್ಟ.

ಮಿಡಿ ಬಂದ ವರ್ಷ, ಜನವರಿಯ ಕೊನೆಯಲ್ಲಿ, ನೆಲದಲ್ಲಿ ನಿಂತೇ ತೊಟ್ಟು ಸಮೇತ ಕೊಯ್ದೆವು. ಉಪ್ಪಿನಕಾಯಿ ಮಿಡಿ ನೆಲಕ್ಕೆ ಬೀಳಬಾರದು, ಪೆಟ್ಟಾದದ್ದು ಭರಣಿಯಲ್ಲಿ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ಅಮ್ಮ ಒಂದರ ತೊಟ್ಟು ಮುರಿದು ಸೊನೆ ಮೂಸಿದಳು. “ಅದೇಯ, ಹಳ್ಳದ ಮರದ್ದೇಯ” ಎಂದಳು. ಆಮೇಲೆ ಮಿಡಿ ತೊಳೆದು, ಒರೆಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕಿ, ಮೇಲೆ ಕಲ್ಲು ಹೇರುವವರೆಗೆ ಬೇರೆ ಮಾತಾಡಲಿಲ್ಲ. ನನಗೆ ಅಷ್ಟೇ ಸಾಕಿತ್ತು.

ದುಡ್ಡಿನ ವಿಷಯವನ್ನೂ ಹೇಳಬೇಕು. ಮಿಡಿಯನ್ನು ನಮ್ಮಲ್ಲಿ ನೂರರ ಲೆಕ್ಕದಲ್ಲಿ ಮಾರುತ್ತಾರೆ. ರಿಪ್ಪನ್‌ಪೇಟೆಯಂಥ ಕಡೆ ಹಂಗಾಮಿನಲ್ಲಿ ದೊಡ್ಡ ವ್ಯಾಪಾರವೇ ನಡೆಯುತ್ತದೆ. ಅಪ್ಪೆಮಿಡಿಗೆ 2009-10ರ ಸಾಲಿನಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ನಮ್ಮ ಸೀಮೆಯ ಬಹಳಷ್ಟು ತಳಿ ಸಂಗ್ರಹಿಸಿದ್ದಾರೆ. ಒಳ್ಳೆ ಪರಿಮಳದ ಮಿಡಿಗೆ ದರ ಚೆನ್ನಾಗಿದೆ. ಬೇಲಿಯ ಖರ್ಚು ಹುಟ್ಟಿದೆ, ಮನೆಯ ಸಣ್ಣಪುಟ್ಟ ಖರ್ಚಿಗೆ ಆಧಾರವಾಗಿದೆ. ಮಾವು ಒಂದು ವರ್ಷ ಕೊಟ್ಟರೆ ಮರುವರ್ಷ ಕೈ ಬಿಗಿಹಿಡಿಯುವ ಮರ. ಇದೊಂದನ್ನೇ ನಂಬಿ ಹೊಟ್ಟೆ ಹೊರೆಯುವಂತಿಲ್ಲ.

ಇದರಿಂದ ಸಿಕ್ಕ ಜನರ ಬೆಲೆ ಬೇರೆ. ಕಡ್ಡಿಗಾಗಿ ಹೊಸನಗರ, ಸಾಗರ, ಸಿರ್ಸಿಯ ಮನೆಗಳಿಗೆ ಹೋದೆ. ಗುರುತು ಪರಿಚಯವಿಲ್ಲದವರು ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿ ಕುಡಿಸಿ, ತಮ್ಮ ಅಜ್ಜಿ ಕಾದ ಮರ ತೋರಿಸಿ ಕಳಿಸಿದರು. ಎರಡು ಕಡೆ ತಾಯಿಮರ ಈಗ ಇಲ್ಲ, ಅದರ ಕಸಿ ನಮ್ಮ ಬ್ಯಾಣದಲ್ಲಿದೆ. ಅದರ ಕಡ್ಡಿಯನ್ನು ಆ ಮನೆಗಳಿಗೇ ಮರಳಿ ಕೊಟ್ಟು ಬಂದಿದ್ದೇನೆ.

ಹಳ್ಳದ ಮರದ ಒಣಗದ ಅರ್ಧ ಇನ್ನೂ ಕಾಯಿ ಬಿಡುತ್ತಿದೆ. ಆಷಾಢದಲ್ಲಿ ಕಡ್ಡಿ ಕೇಳಿಕೊಂಡು ಬರುವವರಿಗೆ ನಾನು ದುಡ್ಡು ಕೇಳುವುದಿಲ್ಲ, ಕಟ್ಟಿದ ಗಿಡವನ್ನೂ ಕೊಡುವುದಿಲ್ಲ. ಹಿಂದಿನ ವರ್ಷದ ಬೇಸಿಗೆಯಲ್ಲೇ ಕಾಟುಮಾವಿನ ಗೊರಟು ಹಾಕಿ, ಕಾಂಡ ಬಲಿತ ಸಸಿಯನ್ನು ಜೊತೆಗೆ ತರಬೇಕು, ಚಾಕು ಅವರದ್ದೇ ಇರಬೇಕು. ಕೊಟ್ಟಿಗೆಯ ಮಾಡಿನಡಿ ಜಾಗ ಇದೆ, ಮಧ್ಯಾಹ್ನದ ಊಟ ನಮ್ಮಲ್ಲೇ. ಒಂದು ದಿನ ಪಕ್ಕದಲ್ಲಿ ಕೂತರೆ ಬೆಣೆ ಸವರುವುದನ್ನು ಹೇಳಿಕೊಡುತ್ತೇನೆ.