700 ರೂಪಾಯಿ ರೆಡ್ ವೈನು, ಅಡುಗೆಮನೆ ತಕ್ಕಡಿ, ನನ್ನ ಒಂದೂವರೆ ವರ್ಷ

ಹೋದ ತಿಂಗಳು ನಮ್ಮನೇಲಿ ಎಂಟು ಜನ ಊಟಕ್ಕೆ ಕೂತಿದ್ವಿ, ನಾಲ್ಕು ಬಾಟ್ಲಿ ರೆಡ್ಡು, ನಾಲ್ಕಕ್ಕೂ ಪೇಪರ್ ಸುತ್ತಿತ್ತು, ಯಾವುದು ಯಾವುದು ಅಂತ ನನ್ ಹೆಂಡತಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿರಲಿಲ್ಲ. ಊಟ ಮುಗಿದ ಮೇಲೆ ನಾಲ್ಕನ್ನೂ ತಕ್ಕಡಿ ಮೇಲಿಟ್ಟು ತೂಕ ನೋಡಿದ್ವಿ. 700 ಚಿಲ್ರೆ ಕೊಟ್ಟು ತಂದಿದ್ದು ಪೂರ್ತಿ ಖಾಲಿ. 2400 ಕೊಟ್ಟು ನನ್ನ ಫ್ರೆಂಡೇ ತಂದಿದ್ದ ಆಮದು ಬಾಟ್ಲೀಲಿ ಇನ್ನೂ 400 ಗ್ರಾಂ ಹತ್ರ ಉಳಿದಿತ್ತು. ಪೇಪರ್ ಬಿಚ್ಚಿದಾಗ ಅವನ ಮುಖ ನೋಡ್ಬೇಕಿತ್ತು. "ಮಗಾ, ಸಾವಿರದ ಒಳಗೆ ಬೆಂಗಳೂರಲ್ಲಿ ಕುಡಿಯೋ ಅಂಥ ರೆಡ್ ಇಲ್ಲವೇ ಇಲ್ಲ" ಅಂತ ಎರಡು ವರ್ಷದಿಂದ ಹೇಳ್ಕೊಂಡು ಬಂದೋನು ಅವನೇ. ಅದಕ್ಕೇ, ಸಾವಿರದ ಒಳಗೆ ದಿನದ ಊಟಕ್ಕೆ ಆಗೋ ರೆಡ್ ವೈನ್ ನಾನು ಹೆಂಗೆ ಹುಡುಕಿದೆ ಅಂತ ಬರೀತಿದೀನಿ. ವೈನ್ ಹೆಂಗೆ ಸುತ್ತಿಸ್ಬೇಕು, ಹೆಂಗೆ ಮೂಸ್ಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತೆ, ಅದರ ಗೋಜಿಗೆ ಹೋಗಲ್ಲ.

ನಮ್ಮದು ದೊಡ್ಡಬಳ್ಳಾಪುರದ ಕಡೆ. ಅಪ್ಪ ಇಪ್ಪತ್ತು ವರ್ಷ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದೋರು, ಮೈಲುತುತ್ತ ಸುಣ್ಣ ಕಲಸಿ ಚಪ್ಪರಕ್ಕೆ ಹೊಡೆಯೋದು ನೋಡ್ತಾನೇ ಬೆಳೆದೋನು ನಾನು. ಅದೇ ಬೋರ್ಡೋ ದ್ರಾವಣ, ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. 1988ರಲ್ಲಿ ಗ್ರೋವರ್ ಅನ್ನೋರು ವೈನ್ ಕಂಪನಿ ಶುರು ಮಾಡಿ ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿ ಬೆಳೆಸಿದಾಗ ನಮ್ಮ ಕಡೆ ಜನ ಹೋಗಿ ನೋಡ್ಕೊಂಡು ಬರ್ತಿದ್ರಂತೆ, ಕಾಯಿ ಇಷ್ಟು ಸಣ್ಣ, ಬೀಜ ಇಷ್ಟು ದೊಡ್ಡದು, ಮಾರ್ಕೆಟ್ಟಲ್ಲಿ ಇದನ್ನ ಯಾರು ಕೊಳ್ತಾರೆ ಅಂತ ಅಪ್ಪಂಗೆ ಯೋಚನೆ. ಕಾಯಿ ಸಣ್ಣ ಇದ್ರೆ ರಸಕ್ಕಿಂತ ಸಿಪ್ಪೆ ಜಾಸ್ತಿ, ಬಣ್ಣ ಒಗರು ಎಲ್ಲ ಸಿಪ್ಪೇಲೇ ಇರೋದು, ವೈನಿಗೆ ಬೇಕಾಗಿದ್ದೂ ಅದೇ. ಬೆಂಗಳೂರು ಬ್ಲೂಗೆ 2013ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ಸೀಮೆಯ ಬೆಳೆ ಅನ್ನೋ ಸರ್ಕಾರಿ ಗುರುತು ಬಂತು, ತಿನ್ನೋಕೆ ಜ್ಯೂಸಿಗೆ ಅದರಂಥ ಹಣ್ಣಿಲ್ಲ, ಆದ್ರೆ ಅದರ ಆ ಗಮ್ ಅನ್ನೋ ವಾಸನೆ ವೈನಲ್ಲಿ ಬಂದ್ರೆ ಪೆಪ್ಪರ್‌ಮಿಂಟ್ ಅಂಗಡಿಗೆ ಹೋದಂಗಿರುತ್ತೆ. ಸಿಹಿ ಪೋರ್ಟ್ ವೈನಿಗೆ ಅದು ಸರಿ. ಮುದ್ದೆ ಸಾರಿನ ಜೊತೆ ಆಗಲ್ಲ. ಚಿಕ್ಕಂದಿನಿಂದ ಮೂಗಲ್ಲಿ ಕೂತಿರೋ ವಾಸನೆ ಅದು, ಒಂದು ಲೋಟದಲ್ಲಿ ಚೂರು ಬೆರೆತಿದ್ರೂ ಹೇಳ್ಬಿಡ್ತೀನಿ.

ಮೊದಲ ಕಷ್ಟ ಅಂಗಡೀದು. ನಮ್ಮೂರಲ್ಲಿ ಬೋರ್ಡ್ ಮೇಲೆ ದೊಡ್ಡದಾಗಿ 'ವೈನ್ಸ್' ಅಂತ ಬರೆದಿರುತ್ತೆ, ಒಳಗೆ ಹೋಗಿ ರೆಡ್ ವೈನ್ ಕೇಳಿದ್ರೆ ಪೋರ್ಟ್ ತೆಗೆದುಕೊಡ್ತಾರೆ, ಡ್ರೈ, ಅಂದ್ರೆ ಸಿಹಿ ಇಲ್ಲದ್ದು ಬೇಕು ಅಂದ್ರೆ ಮೇಲಿನ ಶೆಲ್ಫಿಂದ ಧೂಳು ಒರೆಸಿ ಒಂದು ಬಾಟ್ಲಿ ಇಳಿಸ್ತಾರೆ. ಆ ಬಾಟ್ಲಿ ಎಷ್ಟು ಬೇಸಿಗೆ ನೋಡಿದೆಯೋ ಯಾರಿಗೆ ಗೊತ್ತು. ಸರ್ಕಾರ 2007ರಲ್ಲಿ ವೈನ್ ನೀತಿ ತಂದಮೇಲೆ ವೈನಿಗೇ ಅಂತ ಅಂಗಡಿಗಳು ಬಂದ್ವು, ಸಿಟೀಲಿ ಈಗ ಪರವಾಗಿಲ್ಲ. ಆದ್ರೂ ಈಗ್ಲೂ ನಾನು ಅಂಗಡೀಲಿ ಮೊದಲು ಮುಟ್ಟಿ ನೋಡೋದು ಬಾಟ್ಲಿ ಅಲ್ಲ, ಶೆಲ್ಫ್. ಪಶ್ಚಿಮದ ಗಾಜಿಗೆ ಒರಗಿರೋ ಶೆಲ್ಫ್ ಸಾಯಂಕಾಲ ಮುಟ್ಟಿದ್ರೆ ಬೆಚ್ಚಗಿರುತ್ತೆ, ಅಲ್ಲಿಂದ ಏನೂ ತಗೊಳ್ಳಲ್ಲ. ಕಾರ್ಕ್ ಮೇಲಕ್ಕೆ ಉಬ್ಬಿದ್ರೆ, ಕತ್ತಿನ ಹತ್ರ ಅಂಟಂಟು ಇದ್ರೆ, ವಾಪಸ್ಸು. ಆಮೇಲೆ ಲೇಬಲ್ ಮೇಲೆ ತುಂಬಿದ ತಿಂಗಳು ಹುಡುಕ್ತೀನಿ, 1000 ಒಳಗಿನ ರೆಡ್ಡು ಇಟ್ಟು ಕಾಯೋಕೆ ಮಾಡಿದ್ದಲ್ಲ, ಎರಡು ವರ್ಷ ದಾಟಿದ್ರೆ ಬಿಟ್ಬಿಡ್ತೀನಿ.

ಶುರು ಮಾಡಿದಾಗ ನಾನೂ ಎಲ್ಲರ ಥರಾನೇ ನೋಟ್‌ಬುಕ್ ಇಟ್ಕೊಂಡು ಬ್ಲ್ಯಾಕ್‌ಬೆರಿ, ಪ್ಲಮ್ಮು, ಸೀಡರ್ ಅಂತ ಬರೀತಿದ್ದೆ, ನೂರಕ್ಕೆ ಮಾರ್ಕ್ಸ್ ಹಾಕ್ತಿದ್ದೆ. ಬ್ಲ್ಯಾಕ್‌ಬೆರಿ ನಾನು ತಿಂದೇ ಇಲ್ಲ, ಸೀಡರ್ ಮರ ನೋಡಿಲ್ಲ. ಶಿರಾಜ್ ಅನ್ನೋ ದ್ರಾಕ್ಷಿಯ ಒಂದೇ ವೈನಿಗೆ ಎರಡು ವಾರದ ಗ್ಯಾಪಲ್ಲಿ 84 ಅಂತ ಒಂದ್ಸಲ, 70 ಅಂತ ಒಂದ್ಸಲ ಬರೆದಿದ್ದೆ. ಮೂರು ನಾಲ್ಕು ತಿಂಗಳು ಹಿಂಗೇ ಹೋಯ್ತು, ಹತ್ತಿರ ಹತ್ತಿರ 12 ಸಾವಿರ ಖರ್ಚು, ಕೈಗೆ ಹತ್ತಿದ್ದು ಏನೂ ಇಲ್ಲ.

ಆಮೇಲೆ ಆ ಪದಗಳನ್ನೆಲ್ಲ ಬಿಟ್ಟು ನನ್ನ ನಾಲಿಗೆಗೆ ಗೊತ್ತಿರೋ ಮಾತಲ್ಲೇ ಬರೆಯೋಕೆ ಶುರು ಮಾಡಿದೆ, ಅಲ್ಲಿಂದ ದಾರಿ ಕಾಣ್ತು. ನಮಗೆ ಒಗರು ಬೇರೆ ಕಹಿ ಬೇರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನೇರಳೆ ಹಣ್ಣಿನ ಒಗರು ಒಂದು, ನಾಲಿಗೆ ಒರಟಾಗುತ್ತೆ ಆದ್ರೆ ಮತ್ತೆ ಇನ್ನೊಂದು ಹಣ್ಣಿಗೆ ಕೈ ಹೋಗುತ್ತೆ. ಬಾಳೆಕಾಯಿ ಒಗರು ಇನ್ನೊಂದು, ಬಾಯಿ ಕಟ್ಕೊಳುತ್ತೆ. ಜಾಸ್ತಿ ಕುದಿಸಿದ ಟೀ ಒಗರು ಮೂರನೇದು, ಅದರಲ್ಲಿ ಕಹಿ ಸೇರಿರುತ್ತೆ. ದಿನದ ವೈನಿಗೆ ನೇರಳೆ ಒಗರು ಬೇಕು, ಅಷ್ಟೇ. ಹುಳಿ ಅಂದ್ರೆ ಹಣ್ಣಾದ ಹುಣಸೆ ಹುಳಿ ಇರಬೇಕು, ನಿಂಬೆ ಹುಳಿ ಆದ್ರೆ ಎದೆ ಉರಿ. ಕ್ಯಾಬರ್ನೇ ಅನ್ನೋ ದ್ರಾಕ್ಷಿಯ ವೈನಲ್ಲಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ ಬಂದ್ರೆ ಕಾಯಿ ಸರಿಯಾಗಿ ಮಾಗೋ ಮೊದಲೇ ಕಿತ್ತಿದಾರೆ ಅಂತ. ಶಿರಾಜಲ್ಲಿ ಕಾಳುಮೆಣಸು ಬಂದ್ರೆ ಖುಷಿ ಪಡಿ. ಒದ್ದೆ ಗೋಣಿಚೀಲದ ವಾಸನೆ ಬಂದ್ರೆ ಕಾರ್ಕ್ ಕೆಟ್ಟಿದೆ. ನೇಲ್ ಪಾಲಿಶ್ ಬಂದ್ರೆ ವೈನು ವಿನೆಗರ್ ಆಗೋ ದಾರೀಲಿದೆ. ಒಣದ್ರಾಕ್ಷಿ ಬೇಯಿಸಿದಂಗೆ ಬಂದ್ರೆ ಬಿಸಿಲು ತಿಂದಿದೆ.

ಬಿಸಿಲಿನ ಪಾಠಕ್ಕೆ ನಾನು ದುಡ್ಡು ಕೊಟ್ಟೇ ಕಲ್ತಿದ್ದು. ಒಂದು ಕ್ಯಾಬರ್ನೇ ಶಿರಾಜ್ ಮಿಕ್ಸು ತುಂಬಾ ಹಿಡಿಸ್ತು, ಅಂಗಡಿಯವರು 12 ತಗೊಂಡ್ರೆ ಡಿಸ್ಕೌಂಟ್ ಅಂದ್ರು, ತಂದು ಅಟ್ಟದ ಮೇಲೆ ಅಡ್ಡಡ್ಡ ಜೋಡಿಸಿಟ್ಟೆ. ನಮ್ಮ ಮನೆ ಮೇಲಂತಸ್ತು, ಅಟ್ಟದ ಮೇಲೆ ಸೀದಾ ಆರ್‌ಸಿಸಿ. ಮಾರ್ಚ್ ಏಪ್ರಿಲ್ ಕಳೀತು. ಮೇ ತಿಂಗಳಲ್ಲಿ ತೆಗೆದ್ರೆ ಐದು ಬಾಟ್ಲಿ ಹೆಂಗೋ ನಡೀತು, ಏಳು ಬಾಟ್ಲಿ ಬೆಂದು ಹೋಗಿತ್ತು, ಬಣ್ಣ ಇಟ್ಟಿಗೆ ಥರ, ರುಚಿ ಹಳೇ ಖರ್ಜೂರ. 5500 ರೂಪಾಯಿ ಹತ್ರ ಹೋಯ್ತು. ಹೆಂಡತಿ ಒಂದೇ ಮಾತು ಹೇಳಿದ್ಲು, "ರೀ, ಅಕ್ಕಿ ಮೂಟೆ ಇಡೋ ಜಾಗದಲ್ಲಿ ಇಟ್ಟಿದ್ರೆ ಆಗ್ತಿರಲಿಲ್ವಾ?" ಈಗ ಅಲ್ಲೇ ಇಡೋದು, ಸ್ಟೋರ್ ರೂಮಿನ ನೆಲದ ಮೇಲೆ, ಅಕ್ಕಿ ಮೂಟೆ ಹಿಂದೆ, ಏಪ್ರಿಲಲ್ಲೂ ಅಟ್ಟದಷ್ಟು ಬಿಸಿ ಆಗಲ್ಲ. ಒಂದ್ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ತರಲ್ಲ. ಲೇಬಲ್ ಅದೇ ಇದ್ರೂ ಮುಂದಿನ ಸುಗ್ಗೀದು ಬೇರೆ ರುಚಿ ಇರುತ್ತೆ, ಅದಕ್ಕೂ ಕೇಸ್‌ಗಟ್ಟಲೆ ತರೋದು ಬೇಡ.

ಈಗ ತಕ್ಕಡಿ ವಿಷ್ಯ. ಇದು ನನಗೆ ಹೊಳೆದಿದ್ದು ಒಂದು ಹಬ್ಬದ ಮಾರನೇ ದಿನ. ಎರಡು ಬಾಟ್ಲಿ ತೆಗೆದಿದ್ವಿ, ಭಾವಮೈದ ಒಂದನ್ನ ಬಾಯ್ತುಂಬ ಹೊಗಳ್ದ, "ಭಾವ, ಇದು ಸೂಪರ್, ಇನ್ನೊಂದು ನೀರು ನೀರು" ಅಂತ. ಬೆಳಿಗ್ಗೆ ಎದ್ದು ನೋಡಿದ್ರೆ ಹೊಗಳಿದ ಬಾಟ್ಲಿ ಅರ್ಧ ಹಂಗೇ ನಿಂತಿದೆ, ನೀರು ನೀರು ಅಂದಿದ್ದು ತಳ ಕಂಡಿದೆ. ಬಾಯಿ ಹೇಳೋದು ಒಂದು, ಕೈ ಹೋಗೋದು ಇನ್ನೊಂದು ಕಡೆ. ಮೊದಲ ಗುಟುಕಿಗೆ ಜೋರಾಗಿ ಕಾಣೋ ವೈನು, ಓಕ್ ಮರದ ಪೀಪಾಯಿ ವಾಸನೆ ವೆನಿಲ್ಲಾ ಥರ ಮೂಗಿಗೆ ಹೊಡೆಯೋದು, ಆಲ್ಕೋಹಾಲ್ 14 ಪರ್ಸೆಂಟ್ ಇರೋದು, ಎಲ್ಲ ಮಾರ್ಕ್ಸಲ್ಲಿ ಗೆಲ್ಲುತ್ತೆ, ಊಟದಲ್ಲಿ ಸೋಲುತ್ತೆ. ಆವತ್ತಿಂದ ಮಾರ್ಕ್ಸ್ ಬಿಟ್ಟೆ.

ಹೆಂಗೆ ಮಾಡ್ತೀನಿ ಅಂದ್ರೆ, ಶುಕ್ರವಾರ ಮೂರು ಬಾಟ್ಲಿ. ಹೆಂಡತಿ ಪೇಪರ್ ಸುತ್ತಿ, ಮುಚ್ಚಳ ಕಾರ್ಕ್ ಎಲ್ಲ ಬಚ್ಚಿಟ್ಟು, ಪ್ರತಿ ಬಾಟ್ಲಿ ತೂಕ ಬರ್ಕೋತಾಳೆ, ತುಂಬಿದ 750 ಎಂಎಲ್ ಬಾಟ್ಲಿ ಸುಮಾರು 1200ರಿಂದ 1300 ಗ್ರಾಂ ಬರುತ್ತೆ, ದಪ್ಪ ಗಾಜಿಂದು ಇನ್ನೂ ಜಾಸ್ತಿ. ಗ್ಲಾಸಿನ ತಳಕ್ಕೆ ಕೆಂಪು, ಹಸಿರು, ನೀಲಿ ಬಿಂದಿ ಅಂಟಿಸ್ತಾಳೆ. ನಾನು ಊಟಕ್ಕೆ ಮುಂಚೆ ಒಂದೊಂದೇ ಗುಟುಕು ನೋಡ್ತೀನಿ, ಕೆಟ್ಟಿದೆಯಾ ಅಂತ ಮಾತ್ರ. ಆಮೇಲೆ ಊಟ, ಯಾರಿಗೆ ಯಾವುದು ಬೇಕೋ ಹಾಕ್ಕೊಳ್ಳಿ, ವೈನ್ ಬಗ್ಗೆ ಮಾತಾಡಂಗಿಲ್ಲ. ಊಟ ಆದ್ಮೇಲೆ ತೂಕ. ಒಂದು ಗ್ರಾಂ ಒಂದು ಎಂಎಲ್ ಅಂತಾನೇ ಲೆಕ್ಕ, ವ್ಯತ್ಯಾಸ ಲೆಕ್ಕಕ್ಕಿಲ್ಲ. ಉಳಿದಿದ್ದನ್ನ ಹಳೇ 375ರ ಸ್ಕ್ರೂ ಮುಚ್ಚಳದ ಬಾಟ್ಲಿಗೆ ಕತ್ತಿನವರೆಗೂ ತುಂಬಿ, ಗಾಳಿಗೆ ಜಾಗ ಬಿಡದಂಗೆ ಮುಚ್ಚಿ ಫ್ರಿಜ್ಜಲ್ಲಿ ಇಡೋದು, ಭಾನುವಾರ ಮತ್ತೆ ಅದೇ ಆಟ. ಭಾನುವಾರ ಗೆದ್ದಿದ್ದೇ ನನ್ನ ಲಿಸ್ಟಿಗೆ ಹೋಗೋದು. ಶುಕ್ರವಾರ ಮಿಂಚಿ ಭಾನುವಾರ ಸತ್ತು ಹೋಗಿರೋದು ಬೇಕಾದಷ್ಟಿದೆ, ಮನೇಲಿ ದಿನಾ ಒಂದೊಂದು ಗ್ಲಾಸ್ ಕುಡಿಯೋರಿಗೆ ಅದು ಉಪಯೋಗಕ್ಕೆ ಬರಲ್ಲ.

ಊಟ ಯಾವುದು ಅನ್ನೋದು ತುಂಬಾ ಮುಖ್ಯ. ಮೊದಲು ಚೀಸು ಬಿಸ್ಕತ್ತು ಇಟ್ಕೊಂಡು ನೋಡ್ತಿದ್ದೆ, ಚೀಸ್ ಜೊತೆ ಎಂಥ ಒಗರೂ ಮೆತ್ತಗಾಗಿಬಿಡುತ್ತೆ, ಎಲ್ಲಾ ವೈನೂ ಚೆನ್ನಾಗೇ ಇರುತ್ತೆ. ನಾವು ದಿನಾ ತಿನ್ನೋದು ಬಸ್ಸಾರು ಮುದ್ದೆ, ಸೊಪ್ಪಿನ ಸಾರು, ಭಾನುವಾರ ಕೋಳಿ ಸಾರು. ಖಾರದ ಜೊತೆ ಒಗರು ಎರಡರಷ್ಟು ಕಾಣುತ್ತೆ, ಆಲ್ಕೋಹಾಲ್ ಗಂಟಲು ಸುಡುತ್ತೆ. ಅದಕ್ಕೇ ಕಡಿಮೆ ಓಕು, 13ರ ಒಳಗಿನ ಆಲ್ಕೋಹಾಲು, ಹಣ್ಣಿನ ರುಚಿ ಮುಂದಿರೋದೇ ನಮ್ಮನೇಲಿ ಗೆದ್ದಿದ್ದು. ನಾಸಿಕ್ ಕಡೆಯ ಶಿರಾಜ್, ಮಹಾರಾಷ್ಟ್ರದ್ದೇ ಅಕ್ಲೂಜ್ ಕಡೆಯ ಸಾಂಜಿಯೋವೆಸೆ ಅನ್ನೋ ಇಟಲಿ ತಳಿ ದ್ರಾಕ್ಷೀದು, ನಮ್ಮ ನಂದಿ ಕಡೆಯ ಕ್ಯಾಬರ್ನೇ ಶಿರಾಜ್ ಮಿಕ್ಸು, ಈ ಮೂರು ಜಾತೀಲೇ ಸುತ್ತಾಡ್ತಿದೀನಿ. ಗೆದ್ದ ಬಾಟ್ಲಿ ಹೆಸರು ಮಾತ್ರ ಹೇಳಲ್ಲ, ನನ್ನ ಅಂಗಡೀಲಿ ತಿಂಗಳಿಗೆ ಎರಡು ಕೇಸ್ ಬರೋದೇ ಹೆಚ್ಚು. ನಿಮ್ಮ ಮನೆ ಸಾರಿಗೆ ನಿಮ್ಮ ತಕ್ಕಡೀನೇ ಹೇಳಲಿ.

ಆಮದು ವೈನ್ ಯಾಕೆ ಸೋಲ್ತು ಅಂತ ಫ್ರೆಂಡ್ ಕೇಳ್ದ. ವಿದೇಶಿ ವೈನ್ ಮೇಲೆ ವರ್ಷಾನುಗಟ್ಟಲೆ 150 ಪರ್ಸೆಂಟ್ ಕಸ್ಟಮ್ಸ್ ಇದ್ದಿದ್ದು, ಅದರ ಮೇಲೆ ರಾಜ್ಯದ ಅಬಕಾರಿ, ಮಾರೋರ ಲಾಭ. ಇಲ್ಲಿ 2400ಕ್ಕೆ ಸಿಗೋದು ಅದರ ಊರಲ್ಲೂ ಮಾಮೂಲಿ ದಿನದ ವೈನೇ, ಮೇಲಿಂದ ಹಡಗು, ಗೋಡೌನು, ಲಾರಿ ಅಂತ ಬಿಸಿ ತಿಂದು ಬಂದಿರುತ್ತೆ. ಅವನು ಒಪ್ಪಲಿಲ್ಲ, ಊಟಕ್ಕೆ ಕೂತಾಗ ಬಾಟ್ಲಿ ಇಟ್ಟಿದ್ದ ಜಾಗ ಕಾರಣ ಅಂದ. ಎರಡು ವಾರ ಬಿಟ್ಟು ಜಾಗ ಅದಲು ಬದಲು ಮಾಡಿ ಅವನ ಮನೇಲೇ ಮಾಡಿದ್ವಿ. ಮತ್ತೆ ಅದೇ ಖಾಲಿ, ಅವನದರಲ್ಲಿ 300 ಮಿಕ್ಕಿತ್ತು.

ಮಧ್ಯದಲ್ಲಿ ಬೇರೆ ಬೇರೆ ಪ್ರಯೋಗಾನೂ ಮಾಡಿದೀನಿ. ಸ್ಕ್ರೂ ಮುಚ್ಚಳದ ಕೆಲವು ವೈನಲ್ಲಿ ತೆಗೆದ ತಕ್ಷಣ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದಕ್ಕೆ ತಾಮ್ರ ಆಗುತ್ತೆ. ಪೂಜೆಯ ಉದ್ಧರಣೆ ಮುಟ್ಟೋಕೆ ಮನಸ್ಸಾಗಲಿಲ್ಲ, ವೈರಿಂಗ್ ತಾಮ್ರದ ತಂತಿ ಸುಲಿದು, ಹುಣಸೆಹಣ್ಣಲ್ಲಿ ಉಜ್ಜಿ ತೊಳೆದು, ಗ್ಲಾಸಲ್ಲಿ ಹತ್ತು ಸೆಕೆಂಡ್ ತಿರುಗಿಸಿ ತೆಗೆದೆ, ವಾಸನೆ ಹೋಯ್ತು. ಜಾಸ್ತಿ ಹೊತ್ತು ಬಿಡಬೇಡಿ, ಹುಳಿಗೆ ತಾಮ್ರ ಬಿಡುತ್ತೆ. ತೆಳ್ಳಗಿರೋದನ್ನ ಒಗರಿರೋದರ ಜೊತೆ ಬೆರೆಸೋದೂ ಮಾಡ್ತೀನಿ, ಎಷ್ಟಕ್ಕೆ ಎಷ್ಟು ಅನ್ನೋದು ನನ್ನ ಹತ್ರಾನೇ ಇರ್ಲಿ. ಅಟ್ಟದಲ್ಲಿ ಬೆಂದ ಏಳು ಬಾಟ್ಲೀಲಿ ಎರಡನ್ನ ಪಿಂಗಾಣಿ ಜಾಡೀಲಿ ಹಾಕಿ ಬಟ್ಟೆ ಕಟ್ಟಿ ವಿನೆಗರ್ ಮಾಡೋಕೆ ಇಟ್ಟೆ, ಬಿಳಿ ಬೂಷ್ಟು ಬಂತು, ಚೆಲ್ಲಿದೆ. ಎರಡನೇ ಸಲ ಸ್ವಲ್ಪ ನೀರು ಬೆರೆಸಿ, ಫಿಲ್ಟರ್ ಮಾಡದ ವಿನೆಗರ್ ಹೆಪ್ಪು ಹಾಕಿದಂಗೆ ಹಾಕಿದೆ, ಎರಡೂವರೆ ತಿಂಗಳಿಗೆ ಒಳ್ಳೇ ವಿನೆಗರ್ ಆಯ್ತು, ಈರುಳ್ಳಿ ಅದರಲ್ಲೇ ನೆನೆಹಾಕ್ತೀವಿ.

ಇನ್ನೊಂದು, ತಣ್ಣಗೆ ಮಾಡೋದು. ಅರ್ಧ ಗಂಟೆ ಫ್ರಿಜ್ಜಲ್ಲಿಟ್ರೆ ಸಾಕು ಅಂತಾರೆ, ಸಾಲಲ್ಲ. ನಾನು ಥರ್ಮಾಮೀಟರ್ ಹಾಕಿ ನೋಡಿದೀನಿ, 28 ಡಿಗ್ರಿ ಇದ್ದಿದ್ದು 18ಕ್ಕೆ ಇಳಿಯೋಕೆ ಒಂದೂಕಾಲು ಗಂಟೆ ಮೇಲೇ ಬೇಕಾಯ್ತು. ಅರ್ಜೆಂಟ್ ಇದ್ರೆ ಬಕೆಟ್ಟಲ್ಲಿ ನೀರು ಐಸು ಹಾಕಿ ಹತ್ತು ನಿಮಿಷ. 700ರ ವೈನಿಗೆ ಇದೊಂದೇ ಮಾಡಿದ್ರೂ 1000ದ ವೈನ್ ಥರ ಕುಡಿಬಹುದು.

ಒಟ್ಟು ಲೆಕ್ಕ ನೆನಪಿಂದ ಹೇಳೋದಾದ್ರೆ ಒಂದೂವರೆ ವರ್ಷಕ್ಕೆ 50 ಚಿಲ್ರೆ ಬಾಟ್ಲಿ, 40 ಸಾವಿರದ ಹತ್ರ ಹತ್ರ. ಲಿಸ್ಟಲ್ಲಿ ಉಳಿದಿದ್ದು ನಾಲ್ಕು. ಈಗ ತಿಂಗಳಿಗೆ ನಾಲ್ಕು ಬಾಟ್ಲಿ, 3000 ಒಳಗೆ ಮುಗಿಯುತ್ತೆ, ಒಂದೂ ಚೆಲ್ಲಲ್ಲ. ಹೋದ ವಾರ ಊರಿಗೆ ಒಂದು ತಗೊಂಡು ಹೋಗಿದ್ದೆ. ಅಪ್ಪ ಸ್ಟೀಲ್ ಲೋಟದಲ್ಲಿ ಹಾಕ್ಕೊಂಡು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಕೊಂಡು ನುಂಗಿ, "ನೇರಳೆ ಬೀಜ ಕಚ್ಚಿದಂಗೈತೆ ಕಣಪ್ಪ" ಅಂದು ಲೋಟ ಮತ್ತೆ ಮುಂದೆ ಚಾಚಿದ್ರು.